ಮಲಗಿದ ಕಾರಿಗೆ ಎಷ್ಟು ಜಾಗ ಬೇಕು?

ಮಾರುತಿ ವ್ಯಾಗನ್‌ಆರ್ ಕಾರಿನ ಉದ್ದ 3.65 ಮೀಟರ್, ಅಗಲ 1.62 ಮೀಟರ್. ಗುಣಿಸಿ ನೋಡಿದರೆ ಅದು ನೆಲದ ಮೇಲೆ ಮುಚ್ಚುವ ಜಾಗ ಆರು ಚದರ ಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ. ಎರಡು ಜೋಡಿಮಂಚ ಹಾಕಿದಷ್ಟು. ಆದರೆ ಕಟ್ಟಡದ ನಕ್ಷೆ ಬರೆಯುವವರು ಕಾರೊಂದಕ್ಕೆ ಆರು ಚದರ ಮೀಟರ್ ಎಂದು ಎಂದೂ ಬರೆಯುವುದಿಲ್ಲ. ದೆಹಲಿಯ 2021ರ ಮಹಾಯೋಜನೆ ಹಾಕಿಕೊಟ್ಟ ಲೆಕ್ಕದಲ್ಲಿ ಬಯಲಿನಲ್ಲಿ ನಿಲ್ಲುವ ಕಾರಿಗೆ 23 ಚದರ ಮೀಟರ್, ನೆಲಮಹಡಿಯ ಸೂರಿನಡಿ 28, ಬೇಸ್‌ಮೆಂಟಿನಲ್ಲಿ 32. ಇದೇ ದೇಶದಲ್ಲಿ 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ನಗರದ ಬಡ ಕುಟುಂಬದ ಮನೆಗೆ ನಿಗದಿಯಾಗಿದ್ದ ಒಳವಿಸ್ತೀರ್ಣ ಹೆಚ್ಚೆಂದರೆ 30 ಚದರ ಮೀಟರ್. ಅಡುಗೆ, ಮಲಗುವುದು, ಮಕ್ಕಳ ಓದು, ಬಚ್ಚಲು ಎಲ್ಲ ಸೇರಿ ಒಂದು ಸಂಸಾರಕ್ಕೆ ಅಲ್ಲಿ ಸಿಕ್ಕಿದ್ದಕ್ಕಿಂತ ನೆಲದಡಿ ಮಲಗಿದ ಒಂದು ಕಾರಿಗೆ ಸಿಗುವ ಜಾಗವೇ ಹೆಚ್ಚು. ಈ ಹೋಲಿಕೆ ಕಂಡು ಸಿಟ್ಟು ಬರುವುದು ಸಹಜ, ಬರಲೂ ಬೇಕು. ಸಿಟ್ಟಿನ ಜೊತೆಗೇ ಕೇಳಬೇಕಾದ ಪ್ರಶ್ನೆಯೊಂದಿದೆ. ಆರು ಮೂವತ್ತೆರಡಾದದ್ದು ಹೇಗೆ? ನಡುವಿನ ಇಪ್ಪತ್ತಾರು ಚದರ ಮೀಟರ್ ಯಾರ ಪಾಲಾಯಿತು?

ಒಂದು ಪಾಲು ಬಾಗಿಲು ತೆರೆಯುವುದಕ್ಕೆ, ಮನುಷ್ಯ ಇಳಿಯುವುದಕ್ಕೆ ಹೋಗುತ್ತದೆ; ಇನ್ನೊಂದು ಪಾಲು ಪಿಲ್ಲರು, ಗೋಡೆ, ಮೆಟ್ಟಿಲು, ಲಿಫ್ಟಿಗೆ. ದೊಡ್ಡ ಪಾಲು ಹೋಗುವುದು ದಾರಿಗೆ. ಪ್ರತಿಯೊಂದು ಕಾರೂ ಯಾವ ಗಳಿಗೆಯಲ್ಲಿ ಬೇಕಾದರೂ, ಯಾರನ್ನೂ ಕೇಳದೆ, ಉಳಿದ ಯಾವ ಕಾರನ್ನೂ ಕದಲಿಸದೆ ಹೊರಗೆ ಬರಬೇಕು ಎಂಬ ಒಂದು ಷರತ್ತಿಗಾಗಿ ನಾವು ಆ ದಾರಿಯನ್ನು ಇಪ್ಪತ್ತನಾಲ್ಕು ಗಂಟೆಯೂ ಖಾಲಿ ಇಟ್ಟುಕೊಂಡಿರುತ್ತೇವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಪಾರ್ಕಿಂಗ್ ಬಗ್ಗೆಯೇ ದಶಕಗಟ್ಟಲೆ ಅಧ್ಯಯನ ಮಾಡಿ 2005ರಲ್ಲಿ ದಪ್ಪ ಪುಸ್ತಕವೊಂದನ್ನು ಹೊರತಂದರು. ಕಾರು ತನ್ನ ಆಯುಷ್ಯದ ಶೇ 95ರಷ್ಟನ್ನು ನಿಂತೇ ಕಳೆಯುತ್ತದೆ ಎಂಬ ಅಂದಾಜನ್ನು ಜಗತ್ತಿನ ಮುಂದೆ ಒತ್ತಿ ಇಟ್ಟವರು ಅವರೇ. ಹಾಗಾದರೆ ಓಡುವ ಶೇ 5ರ ಹೊತ್ತಿಗಾಗಿ, ಅದರಲ್ಲೂ ಹೊರಡುವ ಒಂದೆರಡು ನಿಮಿಷಕ್ಕಾಗಿ, ನಾವು ಕಾರಿನ ಮೈಗಿಂತ ಹಲವು ಪಟ್ಟು ದೊಡ್ಡ ಜಾಗವನ್ನು ಬರಿದಾಗಿ ಬಿಟ್ಟಿದ್ದೇವೆ. ಜಾಗ ಉಳಿಸುವ ಗ್ಯಾರೇಜು ಎಂದರೆ ಕಾರುಗಳನ್ನು ಒತ್ತೊತ್ತಾಗಿ ಜೋಡಿಸುವ ಕೌಶಲ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ನಿಜವಾಗಿ ನಿರ್ಧರಿಸಬೇಕಾದದ್ದು ಯಾವ ಕಾರು ಎಷ್ಟು ಹೊತ್ತು ಕಾಯಬಹುದು ಎಂಬುದನ್ನು. ಅದು ತೀರ್ಮಾನವಾಗದೆ ಕಬ್ಬಿಣ, ಕಾಂಕ್ರೀಟು, ಯಂತ್ರ ಯಾವುದೂ ಜಾಗ ಉಳಿಸಲಾರವು.

ಲೆಕ್ಕ ಸರಳವಾಗಿದೆ. 16 ಮೀಟರ್ ಅಗಲ, 50 ಮೀಟರ್ ಉದ್ದದ ಬಯಲನ್ನು ತೆಗೆದುಕೊಳ್ಳಿ. ಎರಡೂ ಬದಿಗೆ 5 ಮೀಟರ್ ಆಳದ ಸಾಲು, ನಡುವೆ 6 ಮೀಟರ್ ದಾರಿ. ಕಾರಿಗೆ ಎರಡೂವರೆ ಮೀಟರ್ ಅಗಲ ಕೊಟ್ಟರೆ ಬದಿಗೆ ಇಪ್ಪತ್ತರಂತೆ ನಲವತ್ತು ಕಾರು ಹಿಡಿಯುತ್ತವೆ. ಒಟ್ಟು 800 ಚದರ ಮೀಟರಿನಲ್ಲಿ 300 ಬರೀ ದಾರಿ. ಕಾರೊಂದಕ್ಕೆ 20 ಚದರ ಮೀಟರ್ ಬಿತ್ತು. ಇದು ಕಣ್ಣು ಮುಚ್ಚಿ ಒಪ್ಪಬಹುದಾದ, ಎಲ್ಲೆಡೆ ಕಾಣುವ ವಿನ್ಯಾಸ. ಈಗ ಇದನ್ನೇ ಮೇಲಕ್ಕೆ ಏರಿಸೋಣ. ಮಹಡಿಯಿಂದ ಮಹಡಿಗೆ 3 ಮೀಟರ್ ಎತ್ತರ, ರ‍್ಯಾಂಪಿನ ಇಳಿಜಾರು ಹತ್ತಕ್ಕೆ ಒಂದು ಎಂದರೆ 30 ಮೀಟರ್ ಉದ್ದದ ರ‍್ಯಾಂಪು ಬೇಕು. ಹೋಗಿ ಬರುವುದಕ್ಕೆ 6 ಮೀಟರ್ ಅಗಲ ಕೊಟ್ಟರೆ 180 ಚದರ ಮೀಟರ್, ಅಂದರೆ ಮಹಡಿಯ ಹತ್ತಿರಹತ್ತಿರ ಕಾಲು ಭಾಗ. ಸಣ್ಣ ಸೈಟಿನಲ್ಲಿ ರ‍್ಯಾಂಪು ಕಟ್ಟಿದರೆ ಉಳಿಯುವುದು ರ‍್ಯಾಂಪೊಂದೇ ಎಂದು ಎಂಜಿನಿಯರುಗಳು ಹೇಳುವುದು ಉತ್ಪ್ರೇಕ್ಷೆಯಲ್ಲ. ಕಳೆದ ಶತಮಾನದ ಆರಂಭದಿಂದಲೇ ಈ ನಷ್ಟ ತಪ್ಪಿಸಲು ಜಾಣ ಉಪಾಯಗಳು ಬಂದಿವೆ. ಫರ್ನಾಂಡ್ ಡ್ಯೂಮಿ ಎಂಬ ಎಂಜಿನಿಯರು ಮಹಡಿಗಳನ್ನು ಅರ್ಧರ್ಧ ಎತ್ತರದಲ್ಲಿ ಎಡಬಲಕ್ಕೆ ಬಿಡಿಸಿ, ನಡುವೆ ಗಿಡ್ಡ ರ‍್ಯಾಂಪು ಇಟ್ಟು ಏರುವ ವಿನ್ಯಾಸ ಕೊಟ್ಟರು. ಆಮೇಲೆ ಮಹಡಿಯನ್ನೇ ತುಸು ಓರೆ ಮಾಡಿ, ಕಾರು ನಿಲ್ಲುವ ನೆಲವೇ ಏರುವ ದಾರಿಯೂ ಆಗುವಂತೆ ಮಾಡಿದರು. ಷಿಕಾಗೋದ ಮರೀನಾ ಸಿಟಿಯ ಜೋಡಿ ಗೋಪುರಗಳಲ್ಲಿ ಕೆಳಗಿನ 19 ಅಂತಸ್ತು ಇಂಥದೇ ಸುರುಳಿ ನೆಲ. ಬರ್ಟ್ರಂಡ್ ಗೋಲ್ಡ್‌ಬರ್ಗ್ ರೂಪಿಸಿದ, 1960ರ ದಶಕದಲ್ಲಿ ಎದ್ದುನಿಂತ ಆ ಗೋಪುರಗಳಲ್ಲಿ ಕಾರನ್ನು ಒಯ್ದು ನಿಲ್ಲಿಸುವವರು ನಿವಾಸಿಗಳಲ್ಲ, ಅದಕ್ಕೆಂದೇ ಇರುವ ಸಿಬ್ಬಂದಿ.

ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಜಾಗ ಸೋರುವ ಇನ್ನೊಂದು ತೂತು ಪಿಲ್ಲರಿನದು. ಮೂರು ಕಾರಿಗೆ ಏಳೂವರೆ ಮೀಟರ್ ತೆರಪು ಬೇಕು. ಪಿಲ್ಲರಿನ ದಪ್ಪ ಸೇರಿಸಿದರೆ ನಡುವಿನ ಅಂತರ ಎಂಟು ಮೀಟರಿಗೆ ಮೇಲೆ ಬರಬೇಕು. ಆದರೆ ಪಿಲ್ಲರು ಎಲ್ಲಿ ಬರಬೇಕೆಂದು ತೀರ್ಮಾನಿಸುವುದು ಮೇಲಿನ ಮನೆಯ ಮಲಗುವ ಕೋಣೆ, ಅಡುಗೆಮನೆಯ ಗೋಡೆ. ಕೆಳಗೆ ಎರಡು ಕಾರು ನಿಂತು ಮುಕ್ಕಾಲು ಕಾರಿನ ಜಾಗ ಪ್ರತಿ ಅಂಕಣದಲ್ಲೂ ವ್ಯರ್ಥವಾಗುತ್ತದೆ. ಮನೆಯ ನಕ್ಷೆ ಮುಗಿದ ಮೇಲೆ ಪಾರ್ಕಿಂಗ್ ಗೆರೆ ಎಳೆಯುವ ಈ ಪದ್ಧತಿಯನ್ನು ತಿರುಗಿಸಿ, ಕೆಳಗಿನ ಅಂಕಣದಿಂದ ಮೇಲಕ್ಕೆ ಮನೆ ಬರೆಯುವ ಅಭ್ಯಾಸ ಬೆಳೆದರೆ ಒಂದು ರೂಪಾಯಿಯ ಯಂತ್ರವೂ ಇಲ್ಲದೆ ಹತ್ತಾರು ಕಾರಿಗೆ ಜಾಗವಾಗುತ್ತದೆ.

ಇಷ್ಟೆಲ್ಲ ಜಾಣತನ ಮಾಡಿದರೂ ನಡುವಿನ ದಾರಿ ಹಾಗೇ ಉಳಿಯಿತು. ಅದನ್ನು ತಿನ್ನುವ ವಿದ್ಯೆ ನಮ್ಮ ಮಾರುಕಟ್ಟೆ, ಸಿನಿಮಾ ಮಂದಿರ, ಕಲ್ಯಾಣಮಂಟಪಗಳ ಪಾರ್ಕಿಂಗ್ ಹುಡುಗರಿಗೆ ಯಾರೂ ಹೇಳಿಕೊಡದೆ ಗೊತ್ತು. "ಸಾರ್, ಹ್ಯಾಂಡ್‌ಬ್ರೇಕ್ ಹಾಕ್ಬೇಡಿ, ನ್ಯೂಟ್ರಲ್‌ನಲ್ಲಿ ಬಿಡಿ" ಎಂಬ ಮಾತಿನಲ್ಲಿ ಆ ಇಡೀ ಶಾಸ್ತ್ರವಿದೆ. ಮೇಲಿನ 50 ಮೀಟರ್ ದಾರಿಯಲ್ಲಿ ಒಂದು ಅಂಚಿಗೆ ಎಂಟು ಕಾರುಗಳನ್ನು ಉದ್ದುದ್ದ ನಿಲ್ಲಿಸಿ, ಎರಡು ಕಾರಿನಷ್ಟು ತೆರಪು ಬಿಡುತ್ತಾರೆ. ಹಿಂದಿನ ಸಾಲಿನ ಯಾವ ಕಾರು ಹೊರಡಬೇಕೋ ಅದರ ಎದುರಿಗೆ ಆ ತೆರಪು ಬರುವಂತೆ ಮುಂದಿನ ಕಾರುಗಳನ್ನು ತಳ್ಳುತ್ತಾರೆ. ನಲವತ್ತು ಹಿಡಿಯುವಲ್ಲಿ ನಲವತ್ತೆಂಟು ಹಿಡಿಯಿತು. ಖಾಲಿ ಜಾಗ ಎಲ್ಲ ಕಾರಿನ ಮುಂದೆಯೂ ಎಲ್ಲ ಹೊತ್ತಿನಲ್ಲೂ ಇರಬೇಕಿಲ್ಲ, ಬೇಕಾದಾಗ ಬೇಕಾದ ಕಡೆಗೆ ಸರಿದು ಬಂದರೆ ಸಾಕು ಎಂಬುದು ಇದರ ತಿರುಳು. ಬೆಲೆಯಾಗಿ ಕೊಟ್ಟದ್ದು ಎರಡು ಮೂರು ನಿಮಿಷ ಮತ್ತು ಒಬ್ಬ ಮನುಷ್ಯನ ತೋಳ್ಬಲ. ಗೇರು ಪಿ ಸ್ಥಾನದಲ್ಲಿ ಕಚ್ಚಿಕೊಳ್ಳುವ ಆಟೊಮ್ಯಾಟಿಕ್ ಕಾರು, ಎಂಜಿನ್ ಆರಿದೊಡನೆ ತಾನೇ ಬಿಗಿಯುವ ಎಲೆಕ್ಟ್ರಾನಿಕ್ ಬ್ರೇಕು ಬಂದ ಮೇಲೆ ಈ ಹಳೆಯ ವಿದ್ಯೆ ಮೆಲ್ಲನೆ ಅಳಿಯುತ್ತಿದೆ. ಹೊಸ ಯಂತ್ರಗಳು ಮಾಡಬೇಕಾಗಿರುವುದು ಆ ಹುಡುಗರು ಮಾಡುತ್ತಿದ್ದ ಕೆಲಸವನ್ನೇ.

ದಾರಿಯೇ ಇಲ್ಲದ ಪಾರ್ಕಿಂಗನ್ನು ಕಾಣಬೇಕಾದರೆ ರಾತ್ರಿ ಹೊತ್ತು ಕೆಎಸ್‌ಆರ್‌ಟಿಸಿಯ ದೊಡ್ಡ ಡಿಪೊ ನೋಡಬೇಕು. ಒಂದರ ಬೆನ್ನಿಗೆ ಒಂದು ಬಸ್ಸು, ನಡುವೆ ಮನುಷ್ಯ ಅಡ್ಡವಾಗಿ ನುಸುಳುವಷ್ಟು ಮಾತ್ರ ಸಂದು. ಅಷ್ಟು ಬಿಗಿಯಾಗಿ ನಿಲ್ಲಿಸಲು ಸಾಧ್ಯವಾಗುವುದು ಬೆಳಗ್ಗೆ ಯಾವ ಷೆಡ್ಯೂಲು ಮೊದಲು, ಯಾವುದು ಆಮೇಲೆ ಎಂಬುದು ಹಿಂದಿನ ಸಂಜೆಯೇ ಗೊತ್ತಿರುವುದರಿಂದ. ಹೊರಡುವ ಸರದಿ ಗೊತ್ತಿದ್ದರೆ ದಾರಿ ಬೇಕಿಲ್ಲ. ಸರದಿ ಗೊತ್ತಿಲ್ಲದೆ ಒತ್ತಿ ತುಂಬಿದರೆ ಅದು ನಮ್ಮ ಬಯಲುಸೀಮೆಯ ಹಗೇವಿನಂತೆ; ಮೊದಲು ಸುರಿದ ಜೋಳ ತಳದಲ್ಲಿ, ಕೊನೆಗೆ ಸುರಿದದ್ದೇ ಮೊದಲು ಕೈಗೆ. ಜೋಳದ ಕಾಳಿಗೆ ಕಾಳು ಸಮ, ಯಾವುದು ಮೊದಲು ಬಂದರೂ ನಡೆಯುತ್ತದೆ. ಕಾರು ಹಾಗಲ್ಲ, ನನಗೆ ನನ್ನದೇ ಬೇಕು. ಡಿಪೊದ ಬಿಗಿ ಮತ್ತು ಮಾಲೀಕನ ಆಯ್ಕೆ ಇವೆರಡರ ನಡುವೆ ರಾಜಿ ಹುಡುಕುವುದೇ ಗ್ಯಾರೇಜು ವಿನ್ಯಾಸಕಾರನ ಮುಂದಿರುವ ಸಮಸ್ಯೆ.

ಮೊದಲ ಯಾಂತ್ರಿಕ ರಾಜಿಗಳು ಕಾರಿನಷ್ಟೇ ಹಳೆಯವು. 1907ರ ಹೊತ್ತಿಗೆ ಪ್ಯಾರಿಸ್ಸಿನ ಪೋಂತಿಯೂ ಬೀದಿಯಲ್ಲಿ ಒಗುಸ್ತ್ ಪೆರೆ ಕಟ್ಟಿದ ಕಾಂಕ್ರೀಟ್ ಗ್ಯಾರೇಜಿನಲ್ಲಿ ರ‍್ಯಾಂಪು ಇರಲಿಲ್ಲ. ಲಿಫ್ಟು ಕಾರನ್ನು ಮೇಲೆತ್ತುತ್ತಿತ್ತು. ಇವತ್ತು ನಮ್ಮ ಊರುಗಳಲ್ಲಿ ಹೆಚ್ಚು ಕಾಣುವುದು ಪಜಲ್ ಪಾರ್ಕಿಂಗ್. ಹದಿನಾರು ಮನೆಯ ಚೌಕದಲ್ಲಿ ಹದಿನೈದು ಬಿಲ್ಲೆ ಇಟ್ಟು, ಒಂದು ಖಾಲಿ ಮನೆಯ ನೆರವಿನಿಂದ ಎಲ್ಲವನ್ನೂ ಸರಿಸಿ ಜೋಡಿಸುವ ಮಕ್ಕಳ ಆಟವೇ ಇದರ ಮೂಲ. ಐದು ಕಂಬಸಾಲು, ಮೂರು ಅಂತಸ್ತು ಎಂದರೆ ಹದಿನೈದು ಮನೆ. ಮೇಲಿನ ಅಂತಸ್ತಿನ ಕಾರು ನೇರ ಕೆಳಗಿಳಿಯುತ್ತದೆ. ಅದರ ಕೆಳಗಿನವು ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಅದಕ್ಕಾಗಿ ಕೆಳಗಿನ ಎರಡು ಅಂತಸ್ತಿನಲ್ಲಿ ಒಂದೊಂದು ಮನೆ ಖಾಲಿ ಇದ್ದರೆ ಆಯಿತು. ಹದಿಮೂರು ಕಾರು, ಎರಡು ತೆರಪು. ನ್ಯೂಟ್ರಲ್ ಸಾಲಿನ ತರ್ಕವೇ ಎದ್ದು ನಿಂತಿದೆ. ಇನ್ನೂ ಬಿಗಿಯಾದದ್ದು ಗೋಪುರ: ನಡುವೆ ಲಿಫ್ಟು, ಆಚೆ ಈಚೆ ಒಂದೊಂದು ಕಾರು, ಇಪ್ಪತ್ತು ಅಂತಸ್ತಿಗೆ ನಲವತ್ತು ಕಾರು. ಬುಡಕ್ಕೆ ಬೇಕಾಗುವುದು ಸುಮಾರು 50 ಚದರ ಮೀಟರ್. ಮೊದಲ ಬಯಲಿನಲ್ಲಿ 800 ಚದರ ಮೀಟರಿಗೆ ಹಿಡಿದ ನಲವತ್ತೇ ಇಲ್ಲಿಯೂ ಹಿಡಿದವು. ದೆಹಲಿಯ ಮಹಾಯೋಜನೆಯೂ ಲಿಫ್ಟಿನ ಸ್ವಯಂಚಾಲಿತ ಪಾರ್ಕಿಂಗಿಗೆ ಕಾರೊಂದಕ್ಕೆ 16 ಚದರ ಮೀಟರ್ ಸಾಕು ಎಂದಿದೆ. ಬೇಸ್‌ಮೆಂಟಿನ ಲೆಕ್ಕದ ಸರಿಯಾಗಿ ಅರ್ಧ.

ಆದರೆ 750 ಚದರ ಮೀಟರ್ ಪುಕ್ಕಟೆ ಸಿಗಲಿಲ್ಲ. ಬಯಲಿನಿಂದ ನಲವತ್ತು ಕಾರು ಕೆಲವೇ ನಿಮಿಷಗಳಲ್ಲಿ ಹೊರಟುಹೋಗಬಹುದು. ಗೋಪುರದ ಒಂಟಿ ಲಿಫ್ಟು ಕಾರೊಂದಕ್ಕೆ ಎರಡು ನಿಮಿಷ ತೆಗೆದುಕೊಂಡರೆ ಗಂಟೆಗೆ ಮೂವತ್ತು ಕಾರು, ಪೂರ್ತಿ ಖಾಲಿಯಾಗಲು ಎಂಬತ್ತು ನಿಮಿಷ. ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ಇಪ್ಪತ್ತು ಕಾರು ಒಂದೇ ಸಮನೆ ಹಂಚಿಹೋದರೆ ತೊಂದರೆಯಿಲ್ಲ. ಹತ್ತು ಜನ ಹತ್ತೇ ನಿಮಿಷದಲ್ಲಿ ಬಂದು ನಿಂತರೆ ಹತ್ತನೆಯವರು ಹತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಹತ್ತು ನಿಮಿಷ ಸಣ್ಣದಲ್ಲ. ಯಾಂತ್ರಿಕ ಪಾರ್ಕಿಂಗ್ ಬೇಡ ಎನ್ನುವವರ ಮೊದಲ ಆಕ್ಷೇಪ ಇದು, ಮತ್ತು ಆಕ್ಷೇಪ ನ್ಯಾಯವಾದದ್ದು. ಮಾಲು, ಆಸ್ಪತ್ರೆಯ ಹೊರರೋಗಿ ವಿಭಾಗ, ರೈಲು ನಿಲ್ದಾಣದ ಮುಂಭಾಗದಂಥ ಜಾಗಗಳಲ್ಲಿ ಒಂಟಿ ಲಿಫ್ಟಿನ ಗೋಪುರ ಕಟ್ಟುವುದು ತಪ್ಪು. ಅಲ್ಲಿ ಕಾರು ಬಂದು ಹೋಗುತ್ತದೆ, ತಂಗುವುದಿಲ್ಲ. ಜರ್ಮನಿಯ ವೋಲ್ಫ್ಸ್‌ಬರ್ಗ್‌ನಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳು ತಲಾ 400 ಕಾರು ತುಂಬಿಕೊಂಡು ಲಿಫ್ಟಿನಿಂದಲೇ ನಡೆಯುತ್ತಿವೆ. ಅಲ್ಲಿರುವುದು ಗ್ರಾಹಕರಿಗೆ ಒಪ್ಪಿಸಬೇಕಾದ ಹೊಸ ಕಾರುಗಳು. ಯಾರದು ಯಾವ ಹೊತ್ತಿಗೆ ಎಂಬುದು ಮೊದಲೇ ನಿಗದಿ. ಅದು ಡಿಪೊದ ತರ್ಕ, ಗಾಜಿನ ಅಂಗಿ ತೊಟ್ಟಿದೆ ಅಷ್ಟೆ.

ಬಂದು ಹೋಗುವ ಕಾರು, ತಂಗುವ ಕಾರು ಎಂಬ ಈ ಎರಡನ್ನು ನಮ್ಮಲ್ಲಿ ಬೇರೆ ಮಾಡಿ ನೋಡುವುದೇ ಇಲ್ಲ. ಕಾರು ನಿಲ್ಲಿಸುವುದು ಬೇರೆ, ಕಾರು ಇಡುವುದು ಬೇರೆ. ತರಕಾರಿ ಕೊಳ್ಳಲು ಇಪ್ಪತ್ತು ನಿಮಿಷ ನಿಲ್ಲಿಸುತ್ತೇವೆ. ರಾತ್ರಿಯಿಡೀ, ವಾರದಲ್ಲಿ ನಾಲ್ಕು ದಿನ, ಊರಿಗೆ ಹೋದಾಗ ಹದಿನೈದು ದಿನ ಇಡುತ್ತೇವೆ. ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ದಿನಾ ಆಫೀಸಿಗೆ ಹೋಗುವ ಕಾರೂ ಇದೆ, ಭಾನುವಾರ ಮಾತ್ರ ದೇವಸ್ಥಾನಕ್ಕೆ ಹೊರಡುವ ಎರಡನೆಯ ಕಾರೂ ಇದೆ, ಮಗ ವಿದೇಶಕ್ಕೆ ಹೋಗುವಾಗ ಬಿಟ್ಟುಹೋದ, ಧೂಳು ಕುಡಿಯುತ್ತ ನಿಂತ ಕಾರೂ ಇದೆ. ಮೂರಕ್ಕೂ ಒಂದೇ ಅಳತೆಯ ಹಳದಿ ಗೆರೆ, ಒಂದೇ ಅಗಲದ ದಾರಿ. ಅಡುಗೆಮನೆಯಲ್ಲಿ ಇಂಥ ತಪ್ಪನ್ನು ಯಾರೂ ಮಾಡುವುದಿಲ್ಲ. ದಿನಾ ಬೇಕಾದ ಉಪ್ಪಿನ ಡಬ್ಬಿ ಕೈಗೆಟಕುವಲ್ಲಿ, ಹಬ್ಬಕ್ಕೆ ಬೇಕಾದ ದೊಡ್ಡ ಪಾತ್ರೆ ಅಟ್ಟದ ಮೇಲೆ. ಗ್ಯಾರೇಜಿಗೂ ಅಟ್ಟ ಬೇಕು. ದಿನಾ ಹೊರಡುವ ಕಾರುಗಳಿಗೆ ನೆಲದ ಮೇಲೆ ನೇರ ದಾರಿಯ ಜಾಗ, ವಾರಕ್ಕೊಮ್ಮೆ ಹೊರಡುವವಕ್ಕೆ ಪಜಲ್ ಕಪಾಟು, ತಿಂಗಳುಗಟ್ಟಲೆ ಅಲುಗದವಕ್ಕೆ ದಾರಿಯೇ ಇಲ್ಲದ ಒಳಮೂಲೆ. ಬೆಳಗ್ಗೆ ಏಳಕ್ಕೆ ಬೇಕೆಂದು ಹಿಂದಿನ ರಾತ್ರಿ ಫೋನಿನಲ್ಲಿ ತಿಳಿಸಿದರೆ, ಯಂತ್ರ ರಾತ್ರಿಯ ಬಿಡುವಿನಲ್ಲಿ ಆ ಕಾರನ್ನು ಮುಂದಕ್ಕೆ ತಂದಿಟ್ಟಿರುತ್ತದೆ. ಡಿಪೊ ಮ್ಯಾನೇಜರು ಸಂಜೆಯೇ ಸರದಿ ಕೂಡಿಸುವಂತೆ. ಕಾಯುವ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಹೀಗೆ ನಿದ್ದೆಯಲ್ಲೇ ಕಳೆದುಹೋಗುತ್ತದೆ.

ಇದಕ್ಕೆ ಅಡ್ಡ ಬರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ನೆಲದ ಮೇಲೆ ಬರೆದ ಮನೆ ನಂಬರು. ನನ್ನ ಜಾಗ ನನ್ನದು, ನಾನು ಹೊರಗಿರುವಾಗಲೂ ಅದು ಖಾಲಿಯಾಗಿಯೇ ಇರಬೇಕು ಎಂಬ ಭಾವನೆಗೆ ಚದರ ಮೀಟರುಗಳಲ್ಲಿ ದೊಡ್ಡ ಬೆಲೆಯಿದೆ. ನೂರು ಮನೆಯ ಸಮುಚ್ಚಯದಲ್ಲಿ ಎಲ್ಲ ಕಾರೂ ಒಟ್ಟಿಗೆ ಒಳಗಿರುವ ರಾತ್ರಿ ಅಪರೂಪ. ಆದರೂ ಹಂಚಿಕೊಟ್ಟ ಜಾಗದಲ್ಲಿ ಒಂದನ್ನೂ ಕಡಿಮೆ ಮಾಡುವಂತಿಲ್ಲ. ಬಿಲ್ಡರು ಕಟ್ಟಡದಡಿ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗನ್ನು ಬಿಡಿಯಾಗಿ ಮಾರುವಂತಿಲ್ಲ, ಅದು ಎಲ್ಲರ ಸಾಮಾನ್ಯ ಜಾಗ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಮುಂಬೈಯ ಪ್ರಕರಣವೊಂದರಲ್ಲಿ ಹೇಳಿದೆ. ಆ ತೀರ್ಪನ್ನು ಕೊಳ್ಳುವವರ ರಕ್ಷಣೆ ಎಂದಷ್ಟೇ ಓದಿದ್ದೇವೆ. ಅದರೊಳಗೆ ಒಳ್ಳೆಯ ವಿನ್ಯಾಸದ ಬೀಜವೂ ಇದೆ. ಜಾಗ ಎಲ್ಲರದೂ ಆದರೆ ಮಾತ್ರ ಅದನ್ನು ಒತ್ತಿ ಜೋಡಿಸಬಹುದು. ನನಗೆ ಸಲ್ಲಬೇಕಾದದ್ದು ಇಂಥ ಗೆರೆಯೊಳಗಿನ ನೆಲವಲ್ಲ, ಇಷ್ಟು ನಿಮಿಷದೊಳಗೆ ನನ್ನ ಕಾರು ಎಂಬ ಭರವಸೆ.

ಬೆಂಗಳೂರಿನ ತರ್ಟಿ-ಫಾರ್ಟಿ ಸೈಟಿನಲ್ಲಿ ಇದೇ ವಿಷಯ ಪುಟ್ಟದಾಗಿ ಕಾಣುತ್ತದೆ. ಒಂಬತ್ತು ಮೀಟರ್ ಅಗಲ, ಹನ್ನೆರಡು ಮೀಟರ್ ಆಳ. ಸೆಟ್‌ಬ್ಯಾಕು, ಮೆಟ್ಟಿಲು ಕಳೆದರೆ ಸ್ಟಿಲ್ಟಿನಲ್ಲಿ ಎರಡು ಕಾರಿನ ಅಗಲ, ಎರಡು ಕಾರಿನ ಆಳ ಉಳಿಯುತ್ತದೆ. ಒಳಗೆ ದಾರಿಯೇ ಬೇಡ, ಮುಂದಿನ ರಸ್ತೆಯೇ ದಾರಿ. ನಾಲ್ಕು ಕಾರು ಹಿಡಿಯುತ್ತವೆ. ಹಿಂದಿನ ಕಾರು, ಮುಂದಿನ ಕಾರು ಒಂದೇ ಮನೆಯವರದಾದರೆ ಎರಡು ಬೀಗದಕೈ ಗೋಡೆಯ ಮೊಳೆಗೆ ನೇತುಹಾಕಿದರೆ ಮುಗಿಯಿತು. ನಾಲ್ಕು ಬಾಡಿಗೆದಾರರದಾದರೆ ಬೆಳಗಿನ ಜಗಳ, ಕೊನೆಗೆ ಎರಡು ಕಾರು ರಸ್ತೆಗೆ. ಕಾಂಕ್ರೀಟು ಅಷ್ಟೇ, ಜಾಗವೂ ಅಷ್ಟೇ. ಕೀಲಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ನಾಲ್ಕು ಎರಡಾಗುತ್ತದೆ. ಹಾಗೆ ರಸ್ತೆಗೆ ಬಿದ್ದ ಕಾರುಗಳು ಒಂಬತ್ತು ಮೀಟರ್ ಅಗಲದ ಅಡ್ಡರಸ್ತೆಯ ಎರಡೂ ಬದಿಗೆ ನಿಂತರೆ ನಡುವೆ ಉಳಿಯುವುದು ಐದು ಮೀಟರ್. ನೀರಿನ ಟ್ಯಾಂಕರು ನಿಂತಿರುವಾಗ ಆಂಬ್ಯುಲೆನ್ಸ್ ಬಂದರೆ ಪಕ್ಕದಲ್ಲಿ ನುಸುಳಿ ಹೋಗುವುದೇ ಕಷ್ಟ.

ಯಾಂತ್ರಿಕ ಪಾರ್ಕಿಂಗಿಗೆ ಬರುವ ಎರಡನೆಯ ಆಕ್ಷೇಪ ಯಂತ್ರ ಕೆಟ್ಟರೆ ಏನು ಗತಿ ಎಂಬುದು. ಇದಕ್ಕೆ ಪಾಠವಾಗಬಲ್ಲದ್ದು ಅಮೆರಿಕದ ನ್ಯೂ ಜೆರ್ಸಿಯ ಹೊಬೊಕೆನ್ ಪಟ್ಟಣ. ಅಲ್ಲಿ 2002ರಲ್ಲಿ ಮುನ್ನೂರಕ್ಕೂ ಹೆಚ್ಚು ಕಾರುಗಳ ಪೂರ್ಣ ಸ್ವಯಂಚಾಲಿತ ಸಾರ್ವಜನಿಕ ಗ್ಯಾರೇಜು ತೆರೆಯಿತು. ಕಾರುಗಳು ಮೇಲಿನಿಂದ ಬಿದ್ದ ಅವಘಡಗಳಾದವು. ಅದಕ್ಕಿಂತ ದೊಡ್ಡ ಪೆಟ್ಟು 2006ರಲ್ಲಿ. ನಡೆಸುತ್ತಿದ್ದ ಸಂಸ್ಥೆಗೂ ಪಟ್ಟಣದ ಆಡಳಿತಕ್ಕೂ ಒಪ್ಪಂದದ ಜಗಳವಾಗಿ, ಸಾಫ್ಟ್‌ವೇರಿನ ಪರವಾನಗಿ ಯಾರದು ಎಂಬ ವಿವಾದದ ನಡುವೆ ನೂರಾರು ಕಾರುಗಳು ಒಳಗೇ ಸಿಕ್ಕಿಬಿದ್ದವು. ಆ ಸಲ ಯಂತ್ರ ಸರಿಯಾಗಿಯೇ ಇತ್ತು, ಕಾಗದಪತ್ರ ಕೆಟ್ಟಿತ್ತು. ಇದನ್ನು ಓದಿ ಯಂತ್ರವೇ ಬೇಡ ಎನ್ನುವುದಕ್ಕಿಂತ ಟೆಂಡರಿನಲ್ಲಿ ಏನು ಬರೆಯಬೇಕು ಎಂದು ಕಲಿಯುವುದು ಲಾಭ. ಸಾಫ್ಟ್‌ವೇರಿನ ಹಕ್ಕು ಕಟ್ಟಡದ ಮಾಲೀಕರಿಗೆ ಸೇರಬೇಕು. ಕರೆಂಟು ಹೋದಾಗ ಜನರೇಟರು ಕಾರು ಹೊತ್ತ ಹಲಗೆಯನ್ನು, ಅಂದರೆ ಪ್ಯಾಲೆಟ್ಟನ್ನು, ಕೆಳಗಿಳಿಸುವಷ್ಟಾದರೂ ಶಕ್ತಿ ಕೊಡಬೇಕು. ಕೈಯಿಂದಲೇ ತಿರುಗಿಸಿ ಇಳಿಸುವ ವ್ಯವಸ್ಥೆಯನ್ನು ವರ್ಷಕ್ಕೊಮ್ಮೆ ಮಾಡಿ ತೋರಿಸಬೇಕು. ಬಿಡಿಭಾಗ ಊರಿನಲ್ಲೇ ಸಿಗಬೇಕು. ಒಂದು ಲಿಫ್ಟು ನಿಂತರೆ ಇನ್ನೊಂದು ಅದೇ ಕಾರುಗಳನ್ನು ತಲುಪುವಂತಿರಬೇಕು. ಡೆನ್ಮಾರ್ಕಿನ ಓರ್ಹುಸ್ ನಗರದಲ್ಲಿ 2015ರಲ್ಲಿ ತೆರೆದ ಡೋಕ್1 ಗ್ರಂಥಾಲಯದ ಅಡಿಯಲ್ಲಿ ಸುಮಾರು ಸಾವಿರ ಕಾರುಗಳ ಸ್ವಯಂಚಾಲಿತ ಉಗ್ರಾಣವಿದೆ. ಅಲ್ಲಿ ಕಾರು ಒಪ್ಪಿಸುವ ಕೋಣೆಯೂ ಒಂದಲ್ಲ ಹಲವು, ಲಿಫ್ಟೂ ಒಂದಲ್ಲ ಹಲವು. ಬೆಂಗಳೂರಿನ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಪಜಲ್ ಯಂತ್ರಕ್ಕೆ ನೆಲದಲ್ಲಿ ಗುಂಡಿ ತೋಡುವ ವಿನ್ಯಾಸ ನಮಗೆ ಒಗ್ಗುವುದಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಬೇಸ್‌ಮೆಂಟುಗಳಲ್ಲಿ ಕಾರುಗಳು ತೇಲಿದ್ದನ್ನು ಕಂಡ ಊರು ಕಾರನ್ನು ಮೇಲಕ್ಕೆ ಏರಿಸಬೇಕೇ ಹೊರತು ಕೆಳಕ್ಕೆ ಇಳಿಸಬಾರದು.

ಬೆಂಕಿಯ ಭಯ ಇದಕ್ಕಿಂತ ಗಂಭೀರವಾದದ್ದು. ಒತ್ತಿ ಜೋಡಿಸಿದ ಕಾರುಗಳಲ್ಲಿ ಒಂದಕ್ಕೆ ಹತ್ತಿದ್ದು ಎಲ್ಲಕ್ಕೂ ಹರಡದೇ ಇರುತ್ತದೆಯೇ? 2017ರ ಡಿಸೆಂಬರ್ 31ರಂದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಸುಮಾರು 1,400 ಕಾರು, 2023ರ ಅಕ್ಟೋಬರಿನಲ್ಲಿ ಲೂಟನ್ ವಿಮಾನನಿಲ್ದಾಣದಲ್ಲಿ ಸಾವಿರಕ್ಕೂ ಹೆಚ್ಚು ವಾಹನ ಸುಟ್ಟುಹೋದವು. ಎರಡೂ ರ‍್ಯಾಂಪಿನ, ವಿಶಾಲ ದಾರಿಯ, ಗೋಡೆಯಿಲ್ಲದ ಸಾಮಾನ್ಯ ಕಟ್ಟಡಗಳು. ಎರಡರಲ್ಲೂ ಸ್ಪ್ರಿಂಕ್ಲರ್ ಇರಲಿಲ್ಲ. 2024ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಇಂಚಾನಿನ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ವಿದ್ಯುತ್ ಕಾರೊಂದು ಹೊತ್ತಿಕೊಂಡಾಗ ಸ್ಪ್ರಿಂಕ್ಲರ್ ಇದ್ದೂ ನೀರು ಬರಲಿಲ್ಲ. ದಾರಿಯ ಅಗಲ ಬೆಂಕಿಯನ್ನು ತಡೆಯಲಿಲ್ಲ, ನೀರಿನ ಕೊರತೆ ಅದನ್ನು ಬೆಳೆಸಿತು ಎಂದು ಈ ಮೂರು ಘಟನೆಗಳಿಂದ ನಾನು ಓದಿಕೊಳ್ಳುತ್ತೇನೆ. ಹಾಗೆಂದು ಬಿಗಿ ಜೋಡಣೆ ನಿರಪಾಯ ಎನ್ನಲಾಗದು. ಯಾಂತ್ರಿಕ ಕಪಾಟಿನೊಳಗೆ ಬೆಂಕಿ ಆರಿಸುವವರು ನುಗ್ಗಲಾರರು. ಆದ್ದರಿಂದ ನೀರು ಚಾವಣಿಯಿಂದ ಮಾತ್ರವಲ್ಲ, ಪ್ರತಿ ಅಂತಸ್ತಿನ ಪ್ರತಿ ಕಾರಿನ ತಲೆಯ ಮೇಲೂ ಬರಬೇಕು. ಕೆಲವು ಕಾರುಗಳಿಗೊಂದು ಬೆಂಕಿ ತಡೆಯುವ ಗೋಡೆ ಬೇಕು. ಚಾರ್ಜಿಗೆ ಹಾಕಿದ ವಿದ್ಯುತ್ ಕಾರು ಒಳಮೂಲೆಯಲ್ಲಿ ಇರಬಾರದು, ಹೊರ ಅಂಚಿನಲ್ಲಿ ಇರಬೇಕು. ಮನುಷ್ಯರು ಒಳಗೆ ಓಡಾಡುವುದೇ ಇಲ್ಲ ಎಂಬುದು ಇಂಥ ಗ್ಯಾರೇಜಿನ ದೊಡ್ಡ ರಕ್ಷೆ. ಕತ್ತಲೆಯ ಬೇಸ್‌ಮೆಂಟಿನಲ್ಲಿ ಒಂಟಿ ಹೆಂಗಸು ರಾತ್ರಿ ಹನ್ನೊಂದಕ್ಕೆ ಕಾರು ಹುಡುಕಿಕೊಂಡು ಹೋಗುವ ಭಯ ಕೂಡ ಅಲ್ಲಿ ಇರುವುದಿಲ್ಲ. ಕಾರು ಬೆಳಕಿರುವ ಬಾಗಿಲಿಗೇ ಬರುತ್ತದೆ.

ಕಾರಿನ ಗಾತ್ರದ ವಿಷಯ ಬೇಗ ಮುಗಿಸಬಹುದು, ಆದರೆ ಬಿಡುವಂತಿಲ್ಲ. ನಮ್ಮಲ್ಲಿ 2006ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ ಕಾರುಗಳಿಗೆ ತೆರಿಗೆ ರಿಯಾಯಿತಿ ಇದೆ. ಅಂಥ ಕಾರಿಗೆ 2.3 ಮೀಟರ್ ಅಗಲ, 4.3 ಮೀಟರ್ ಆಳ, ದಾರಿ ಐದೂವರೆ ಮೀಟರ್ ಎಂದು ವಿನ್ಯಾಸ ಮಾಡಿದರೆ ಇಪ್ಪತ್ತು ಚದರ ಮೀಟರ್ ಹದಿನಾರಕ್ಕೆ ಇಳಿಯುತ್ತದೆ. ಜಪಾನಿನ ಕೇ ಕಾರುಗಳು ಇನ್ನೂ ಸಣ್ಣವು: 3.4 ಮೀಟರ್ ಉದ್ದ, 1.48 ಮೀಟರ್ ಅಗಲ ಮೀರುವಂತಿಲ್ಲ. ಇತ್ತ ನಮ್ಮ ರಸ್ತೆಯಲ್ಲಿ ಹೆಚ್ಚುತ್ತಿರುವ ಎಸ್‌ಯುವಿಗಳಲ್ಲಿ ದೊಡ್ಡವು ನಾಲ್ಕೂಮುಕ್ಕಾಲು ಮೀಟರ್ ಉದ್ದ, ಎರಡು ಟನ್ನಿನ ಹತ್ತಿರ ತೂಕ. ಪಜಲ್ ಪ್ಯಾಲೆಟ್ಟನ್ನು ಅವುಗಳ ಎತ್ತರ, ತೂಕಕ್ಕೆ ಮಾಡಿದರೆ ಎಲ್ಲ ಅಂತಸ್ತೂ ಎತ್ತರವಾಗಿ, ಸಣ್ಣ ಕಾರಿನವರು ದೊಡ್ಡ ಕಾರಿನವರ ಖರ್ಚನ್ನು ಹೊರಬೇಕಾಗುತ್ತದೆ. ಕಪಾಟಿನಲ್ಲಿ ಗಿಡ್ಡ ಅರೆ ಹೆಚ್ಚು, ಎತ್ತರದ ಅರೆ ಕಡಿಮೆ ಇರಲಿ; ಎತ್ತರದ್ದಕ್ಕೆ ಬಾಡಿಗೆ ಹೆಚ್ಚಿರಲಿ. ಗಾಲಿಕುರ್ಚಿಯವರಿಗೆ ಬೇಕಾದ 3.6 ಮೀಟರ್ ಅಗಲದ ಜಾಗವನ್ನು ಮಾತ್ರ ಯಾವ ಉಳಿತಾಯದ ಹೆಸರಿನಲ್ಲೂ ಮುಟ್ಟಬಾರದು, ಅದು ನೆಲದ ಮೇಲೆ, ಬಾಗಿಲ ಬಳಿಯೇ ಇರಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಎಂಜಿನಿಯರುಗಳಿಂದ ಬರುವುದಿಲ್ಲ, ನಗರದ ಹಿತ ಬಯಸುವವರಿಂದ ಬರುತ್ತದೆ. ಕಾರಿಗೆ ಜಾಗ ಮಾಡಿಕೊಟ್ಟಷ್ಟೂ ಕಾರು ಹೆಚ್ಚುತ್ತದೆ, ಆ ದುಡ್ಡನ್ನು ಬಸ್ಸಿಗೆ ಹಾಕಿ ಎನ್ನುತ್ತಾರೆ. ಬಸ್ಸು ಮೊದಲು ಎಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅದರಲ್ಲಿ ಕಾರುಗಳೇ 20 ಲಕ್ಷಕ್ಕೂ ಹೆಚ್ಚು. ಅವು ಈಗಾಗಲೇ ಎಲ್ಲೋ ಮಲಗಿವೆ; ಅದೆಷ್ಟೋ ಬೀದಿಯಲ್ಲಿ, ಪುಕ್ಕಟೆಯಾಗಿ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರ 1996ರಲ್ಲಿ ಮಾಡಿಕೊಂಡ ಒಪ್ಪಂದ ಈ ಆಕ್ಷೇಪಕ್ಕೆ ಸರಿಯಾದ ಉತ್ತರ. ಅದರಂತೆ ನಗರಕೇಂದ್ರದ ಒಟ್ಟು ಪಾರ್ಕಿಂಗ್ 1990ರ ಮಟ್ಟವನ್ನು ಮೀರುವಂತಿರಲಿಲ್ಲ. ಕಟ್ಟಡದೊಳಗೆ ಒಂದು ಜಾಗ ಹೊಸದಾಗಿ ಮಾಡಿದರೆ ಬೀದಿಯ ಮೇಲೆ ಒಂದನ್ನು ತೆಗೆಯಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ 2018ರಲ್ಲಿ ಕಾಲುವೆಯ ತಳದಲ್ಲಿ 600 ಕಾರಿನ ಗ್ಯಾರೇಜು ಕಟ್ಟಿ, ಅದಕ್ಕೆ ಬದಲಾಗಿ ಮೇಲಿನ ಇಕ್ಕಟ್ಟು ಬೀದಿಗಳಿಂದ ನೂರಾರು ಪಾರ್ಕಿಂಗ್ ಜಾಗ ತೆಗೆದರು. ಜಪಾನು 1962ರ ಕಾನೂನಿನಿಂದಲೇ ಕಾರು ಕೊಳ್ಳುವವರು ಮನೆಯಿಂದ ನಿಗದಿತ ದೂರದೊಳಗೆ, ಈಗಿನ ನಿಯಮದಂತೆ ಎರಡು ಕಿಲೋಮೀಟರಿನೊಳಗೆ, ಕಾರು ಇಡಲು ಜಾಗವಿದೆ ಎಂದು ಪ್ರಮಾಣಪತ್ರ ತರಬೇಕೆಂದು ಹೇಳಿತು. ನಮ್ಮದೇ ಮಿಜೋರಾಂನ ಐಜ್ವಾಲ್‌ನಲ್ಲೂ ಗ್ಯಾರೇಜಿನ ಪುರಾವೆ ಕೇಳುವ ಪದ್ಧತಿ ಬಂದಿದೆ. ಟೋಕಿಯೊದ ಓಣಿಗಳಲ್ಲಿ ಲಿಫ್ಟ್ ಗೋಪುರಗಳು ಲಾಭಕ್ಕೆ ನಡೆಯುವುದು ಯಂತ್ರ ಒಳ್ಳೆಯದೆಂದಷ್ಟೇ ಅಲ್ಲ, ಬೀದಿಯಲ್ಲಿ ರಾತ್ರಿ ಕಾರು ಬಿಡುವ ಆಯ್ಕೆಯೇ ಇಲ್ಲವಾದ್ದರಿಂದ.

ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ 2024ರಲ್ಲಿ ತೆರೆದಾಗ 556 ಕಾರು, 445 ದ್ವಿಚಕ್ರ ವಾಹನಗಳಿಗೆ ಜಾಗವಿತ್ತು. ಮೊದಲ ತಿಂಗಳುಗಳಲ್ಲಿ ಅದು ನಿರೀಕ್ಷೆಯಷ್ಟು ತುಂಬಲಿಲ್ಲ. ಹೊರಗೆ ಬೀದಿ ಬದಿ ಬಿಟ್ಟಿ ಇರುವಾಗ ಒಳಗೆ ದುಡ್ಡು ಕೊಟ್ಟು ಏರುವವರು ಕಡಿಮೆ. ಜಾಗ ಉಳಿಸುವ ಎಷ್ಟೇ ಒಳ್ಳೆಯ ಕಟ್ಟಡವೂ ಪುಕ್ಕಟೆ ಬೀದಿಯೊಡನೆ ಪೈಪೋಟಿ ಮಾಡಲಾರದು. 2021ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲಿ ಮನೆಮುಂದಿನ ಬೀದಿಗೆ ಸಣ್ಣ ಕಾರಿಗೆ ವರ್ಷಕ್ಕೆ ಸಾವಿರ ರೂಪಾಯಿ, ದೊಡ್ಡ ಕಾರಿಗೆ ಐದು ಸಾವಿರ ಎಂಬ ಪರ್ಮಿಟ್ಟಿನ ಪ್ರಸ್ತಾಪವಿತ್ತು. ಹತ್ತು ಚದರ ಮೀಟರ್ ಸಾರ್ವಜನಿಕ ನೆಲಕ್ಕೆ ಸಣ್ಣ ಕಾರಿನವರಿಗೆ ತಿಂಗಳಿಗೆ ನೂರು ರೂಪಾಯಿಯೂ ಬೀಳದ ಈ ದರವನ್ನೇ ಅನ್ಯಾಯ ಎಂದು ಕೂಗಿದವರಿದ್ದರು. ಆ ದರ ಗ್ಯಾರೇಜಿನ ಬಾಡಿಗೆಗಿಂತ ಹೆಚ್ಚಾಗುವ ತನಕ ಗ್ಯಾರೇಜು ಕಟ್ಟುವವರು ಮುಂದೆ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ.

ಹಾಗಾಗಿ ಊರ ನಡುವೆ ಸಾವಿರ ಕಾರಿನ ದೊಡ್ಡ ಕಟ್ಟಡಕ್ಕಿಂತ ಬಡಾವಣೆಗೊಂದು ಸಣ್ಣ ಉಗ್ರಾಣ ನನಗೆ ಹೆಚ್ಚು ಸರಿಯೆನಿಸುತ್ತದೆ. ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿಎ ನಿವೇಶನದ ಒಂದು ಮೂಲೆಯಲ್ಲಿ 50 ಚದರ ಮೀಟರ್ ಬುಡದ ಒಂದು ಗೋಪುರ. ಸುತ್ತಲಿನ ಮನೆಗಳಿಗಿಂತ ಅದು ಎತ್ತರವಾಗಿ ಕಣ್ಣಿಗೆ ಚುಚ್ಚುವುದಾದರೆ ಹತ್ತು ಅಂತಸ್ತಿನ ಎರಡು. ಅದರಲ್ಲಿ ಇಡುವುದು ನಡೆದು ಬಂದು ತೆಗೆದುಕೊಳ್ಳುವಷ್ಟು ಹತ್ತಿರದ ಮನೆಗಳ ಕಾರು ಮಾತ್ರ, ಹೊರಗಿನ ಕಚೇರಿಗಳದ್ದಲ್ಲ. ಗೋಪುರ ತೆರೆದ ದಿನವೇ ಸುತ್ತಲಿನ ಬೀದಿಗಳಿಂದ ನಲವತ್ತು ಕಾರಿನ ಜಾಗವನ್ನು ಗುರುತು ಹಾಕಿ ತೆಗೆಯಬೇಕು, ಮರುದಿನವಲ್ಲ. ಬೀದಿಯಂಚಿಗೆ ಉದ್ದುದ್ದ ನಿಂತ ಕಾರಿಗೆ ಆರು ಮೀಟರ್ ಎಂದರೂ ನಲವತ್ತಕ್ಕೆ 240 ಮೀಟರ್ ಅಂಚು ಬಿಡುಗಡೆಯಾಗುತ್ತದೆ. 120 ಮೀಟರ್ ಉದ್ದದ ಒಂದು ಅಡ್ಡರಸ್ತೆಯ ಎರಡೂ ಬದಿ ಅಷ್ಟಾಯಿತು. ಕಾರು ನಿಂತಿದ್ದ ಆ ಎರಡು ಮೀಟರ್ ಅಗಲದಲ್ಲಿ ಒಂದು ಫುಟ್‌ಪಾತು ಹಿಡಿಯುತ್ತದೆ, ಅದರ ಅಂಚಿಗೆ ಹೊಂಗೆ ಮರದ ಪಾತಿಗಳೂ ಹಿಡಿಯುತ್ತವೆ.